ತೇನೆಯ್, ತೇನಾ, ತೇರಾ: ಮಾವೊರಿ ಭಾಷೆಯ ನಿರ್ದೇಶಕ ಪದಗಳನ್ನು ಕಲಿಯುವ ಬಗೆ

ಕನ್ನಡದಲ್ಲಿ ‘ಇದು’, ‘ಅದು’ ಎಂಬ ಎರಡೇ ಪದಗಳಿಂದ ಹತ್ತಿರದ್ದನ್ನೂ ದೂರದ್ದನ್ನೂ ತೋರಿಸುತ್ತೇವೆ. ನ್ಯೂಜಿಲೆಂಡಿನ ಮಾವೊರಿಯಲ್ಲಿ, ಅಂದರೆ ಓಷಿಯಾನಿಕ್ ಬಳಗಕ್ಕೆ ಸೇರಿ 1987ರಲ್ಲಿ ಆ ದೇಶದ ಅಧಿಕೃತ ಭಾಷೆಯಾದ ನುಡಿಯಲ್ಲಿ, ಇದೇ ಕೆಲಸಕ್ಕೆ ತೇನೆಯ್, ತೇನಾ, ತೇರಾ ಎಂಬ ಮೂರು ಪದಗಳಿವೆ. ಹೊಸದಾಗಿ ಕಲಿಯುವವರು ಇವನ್ನು ‘ಹತ್ತಿರ, ಸ್ವಲ್ಪ ದೂರ, ಬಹಳ ದೂರ’ ಎಂದು ಬಾಯಿಪಾಠ ಮಾಡಿಕೊಳ್ಳುವುದುಂಟು. ಆ ಪಾಠವನ್ನು ಮೊದಲ ದಿನವೇ ಬಿಡಬೇಕು. ಇಲ್ಲಿ ಅಳತೆಗೋಲು ದೂರವಲ್ಲ, ವ್ಯಕ್ತಿ. ಮಾತಾಡುವವನ ಬಳಿ ಇರುವುದು ತೇನೆಯ್, ಕೇಳುವವನ ಬಳಿ ಇರುವುದು ತೇನಾ, ಇಬ್ಬರ ಬಳಿಯೂ ಇಲ್ಲದ್ದು ತೇರಾ.

ಇದನ್ನು ರೂಢಿ ಮಾಡಿಕೊಳ್ಳಲು ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲಿನ ಮೇಜಿಗಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಇಬ್ಬರು ಎದುರುಬದುರು ಕುಳಿತುಕೊಳ್ಳಿ. ನಿಮ್ಮ ಮುಂದಿನ ತಟ್ಟೆಯನ್ನು ಮುಟ್ಟಿ ತೇನೆಯ್ ಎನ್ನಿ, ಗೆಳೆಯನ ತಟ್ಟೆಯನ್ನು ತೋರಿಸಿ ತೇನಾ ಎನ್ನಿ, ಒಲೆಯ ಹಂಚಿನ ಮೇಲೆ ಬೇಯುತ್ತಿರುವ ದೋಸೆಯತ್ತ ಕೈಮಾಡಿ ತೇರಾ ಎನ್ನಿ. ಈಗ ಗೆಳೆಯನೂ ಅವೇ ಮೂರನ್ನು ಹೇಳಲಿ. ನಿಮ್ಮ ತಟ್ಟೆ ಅವನ ಬಾಯಲ್ಲಿ ತೇನಾ ಆಗುತ್ತದೆ, ಹಂಚಿನ ದೋಸೆ ಮಾತ್ರ ಇಬ್ಬರಿಗೂ ತೇರಾ ಆಗಿಯೇ ಉಳಿಯುತ್ತದೆ. ಬಳಿಕ ಚಟ್ನಿಯ ಬಟ್ಟಲನ್ನು ಅವನ ಕಡೆಗೆ ಸರಿಸಿ. ನಿಮ್ಮ ಕೈಗೆ ಇನ್ನೂ ಎಟುಕುತ್ತಿದ್ದರೂ ಅದೀಗ ಅವನ ಪಾಲಿನದು, ಆದ್ದರಿಂದ ತೇನಾ. ಈ ಬಟ್ಟಲಿನ ಹಂತವನ್ನು ಹತ್ತು ಸಲವಾದರೂ ಮಾಡಿ, ಏಕೆಂದರೆ ನಮ್ಮ ಮನಸ್ಸು ದೂರವನ್ನೇ ಅಳೆಯಲು ಹೊರಡುವುದು ಇಲ್ಲಿಯೇ.

ಇದು ನಮಗೆ ತೀರ ಹೊರಗಿನ ಸಂಗತಿಯೇನಲ್ಲ. ಹಳಗನ್ನಡದಲ್ಲಿ ‘ಇವಂ’, ‘ಅವಂ’ ಎಂಬವುಗಳ ನಡುವೆ ‘ಉವಂ’ ಎಂಬ ರೂಪವಿತ್ತು. ನಾವು ಅದನ್ನು ಕಳೆದುಕೊಂಡೆವು, ಆದರೆ ಶ್ರೀಲಂಕಾದ ಜಾಫ್ನಾ ತಮಿಳಿನಲ್ಲಿ ‘ಉದು’ ಇಂದಿಗೂ ಬಳಕೆಯಲ್ಲಿದೆ.

ಬಹುವಚನ ಸುಲಭ: ಮೊದಲಿನ ತಕಾರವನ್ನು ಬಿಟ್ಟರೆ ಏನೆಯ್, ಏನಾ, ಏರಾ ಸಿಗುತ್ತವೆ. ಎ ಮತ್ತು ಏ, ಒ ಮತ್ತು ಓ ಎಂಬ ಭೇದ ನಮ್ಮ ಲಿಪಿಯಲ್ಲಿಯೇ ಇರುವುದರಿಂದ ಮಾವೊರಿಯ ಹ್ರಸ್ವ ದೀರ್ಘಗಳು ಕನ್ನಡಿಗರಿಗೆ ಕಷ್ಟವಾಗಲಾರವು. ಆದರೆ ಕಿವಿಗೆ ಪರಿಚಿತವೆನಿಸುವ ಪದಗಳ ವಿಷಯದಲ್ಲಿ ಎಚ್ಚರ ಬೇಕು: ‘ತೇನಾ ಕುರೀ’ ಎಂದರೆ ನಿನ್ನ ಬಳಿಯಿರುವ ನಾಯಿ, ಕುರಿಯಲ್ಲ.

ಮುಂದಿನ ಹೆಜ್ಜೆ ಪದವನ್ನು ಒಡೆಯುವುದು. ತೇನೆಯ್ ಎಂಬುದು ‘ತೆ’ ಮತ್ತು ‘ನೆಯ್’ ಸೇರಿ ಆದದ್ದು, ನಾಮಪದವನ್ನು ಆ ಎರಡರ ನಡುವೆಯೂ ಇಡಬಹುದು. ಫರೆ ಎಂದರೆ ಮನೆ. ‘ತೇನೆಯ್ ಫರೆ’ ಎಂದರೂ ‘ತೆ ಫರೆ ನೆಯ್’ ಎಂದರೂ ‘ಈ ಮನೆ’ ಎಂದೇ ಅರ್ಥ. ಗುಣವಾಚಕ ನಾಮಪದದ ನಂತರ ಬರುವುದರಿಂದ ‘ಈ ದೊಡ್ಡ ಮನೆ’ಯು ‘ತೆ ಫರೆ ನುಯಿ ನೆಯ್’ ಆಗುತ್ತದೆ.

ಸ್ಥಳವನ್ನು ಹೇಳುವ ಕೊನೆಯ್, ಕೊನಾ, ಕೊರಾ ಪದಗಳಿಗೂ ಅದೇ ನಿಯಮ. ಇವನ್ನು ಕಲಿಯಲು ಫೋನ್ ಸಂಭಾಷಣೆ ಒಳ್ಳೆಯದು. ದಾವಣಗೆರೆಯಲ್ಲಿರುವ ತಮ್ಮ ಚಿತ್ರದುರ್ಗದ ಅಕ್ಕನನ್ನು ಕೇಳುತ್ತಾನೆ ಎಂದುಕೊಳ್ಳಿ:

“ಅಕ್ಕಾ, ಅಲ್ಲಿ ಮಳೆ ಬಂತಾ?”

“ಇಲ್ಲ ಕಣೋ, ಇಲ್ಲಿ ಬರೀ ಗಾಳಿ. ನಿಮ್ಮ ಭಾವ ಹೊಳಲ್ಕೆರೆಗೆ ಹೋಗಿದ್ದಾರೆ, ಅಲ್ಲಿ ಜೋರು ಮಳೆಯಂತೆ.”

ಕನ್ನಡದಲ್ಲಿ ಎರಡೂ ‘ಅಲ್ಲಿ’ಗಳು ಒಂದೇ. ಮಾವೊರಿಯಲ್ಲಿ ತಮ್ಮನ ‘ಅಲ್ಲಿ’ ಅಕ್ಕ ಇರುವ ಜಾಗವಾದ್ದರಿಂದ ಕೊನಾ; ಅಕ್ಕ ಚಿತ್ರದುರ್ಗದ ಬದಲು ಆಕ್ಲೆಂಡಿನಲ್ಲಿದ್ದರೂ ಅದು ಕೊನಾ ಆಗಿಯೇ ಇರುತ್ತದೆ. ಅಕ್ಕನ ‘ಇಲ್ಲಿ’ ಕೊನೆಯ್. ಅವಳ ‘ಅಲ್ಲಿ’ ಈಗಷ್ಟೇ ಹೆಸರಿಸಿದ ಊರನ್ನು ಸೂಚಿಸುವುದರಿಂದ ಅದಕ್ಕೆ ‘ರೆಯಿರ’ ಎಂಬ ಬೇರೆಯೇ ಪದವಿದೆ.

ಕಥೆ ಹೇಳುವಾಗಲೂ ಈ ವ್ಯತ್ಯಾಸ ಎದುರಾಗುತ್ತದೆ. ‘ಒಂದೂರಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ...’ ಎನ್ನುವಾಗಿನ ನಮ್ಮ ‘ಆ’ ಕಣ್ಣಿಗೆ ಕಾಣುವುದನ್ನು ತೋರಿಸುವುದಿಲ್ಲ, ಮಾತಿನಲ್ಲಿ ಮೊದಲೇ ಬಂದದ್ದನ್ನು ನೆನಪಿಸುತ್ತದೆ. ಮಾವೊರಿಯಲ್ಲಿ ಆ ಕೆಲಸಕ್ಕೆಂದೇ ‘ತೌಅ’ ಇದೆ, ಅದರ ಬಹುವಚನ ‘ಔಅ’. ಅನುವಾದ ಮಾಡುವವರು ಕನ್ನಡದ ಪ್ರತಿಯೊಂದು ‘ಆ’ ಬಂದಾಗಲೂ ನಿಂತು, ಇದು ಬೆರಳಿನ ‘ಆ’ಯೋ ನೆನಪಿನ ‘ಆ’ಯೋ ಎಂದು ಕೇಳಿಕೊಳ್ಳಬೇಕು.

ಕಾಲಕ್ಕೆ ಬಂದರೆ ‘ತೇರಾ ವಿಕಿ’ ಎಂಬುದು ಈ ವಾರವಲ್ಲದ ಬೇರೆ ವಾರ. ಅದಕ್ಕಿಂತ ಮೊದಲು ‘ಇ’ ಬಂದರೆ ಕಳೆದ ವಾರ, ‘ಆ’ ಬಂದರೆ ಮುಂದಿನ ವಾರ.

ನಮಸ್ಕಾರದಲ್ಲಿಯೂ ಇದೇ ತೇನಾ ಇದೆ. ‘ತೇನಾ ಕೊಎ’ ಎಂಬುದರ ಅಕ್ಷರಾರ್ಥ ‘ಅಲ್ಲಿರುವ ನೀನು’. ಎದುರಿನವರನ್ನು ಅವರಿರುವ ಜಾಗದಲ್ಲಿಯೇ ಗುರುತಿಸುವ ಈ ವಂದನೆ ನನಗೆ ಬಹಳ ಪ್ರಿಯ. ಹಿರಿಯರಿಗೆ ‘ನೀವು’ ಎನ್ನುವ ನಮ್ಮ ಅಭ್ಯಾಸವನ್ನು ಇಲ್ಲಿಗೆ ತರಬಾರದು, ಮಾವೊರಿಯ ಸರ್ವನಾಮ ಎಣಿಸುವುದು ಜನರನ್ನು. ಒಬ್ಬರಿದ್ದರೆ, ಅವರು ಎಷ್ಟೇ ಹಿರಿಯರಾಗಿರಲಿ, ತೇನಾ ಕೊಎ. ಇಬ್ಬರಿದ್ದರೆ ತೇನಾ ಕೋರುಅ. ಮೂವರು ಅಥವಾ ಹೆಚ್ಚು ಮಂದಿ ಇದ್ದರೆ ತೇನಾ ಕೊಉತೊಉ.