ಅಲ್ಲಾಡುವ ಕಿವಿ ಮಾಡೆಲ್ ಮಾಡುವುದು ಹೇಗೆ?

ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಥರ್ಮಾಕೋಲ್ ಕಿವಿ ಒಂದಾದರೂ ಇದ್ದೇ ಇರುತ್ತದೆ. ಗುಲಾಬಿ ಬಣ್ಣ, ಬಾಣದ ಗುರುತು, ನಡುವೆ ಅಂಟಿಸಿದ ಮೂರು ಮೂಳೆ. ‘ಇವು ಏನು ಮಾಡುತ್ತವೆ?’ ಅಂದರೆ ‘ಶಬ್ದ ಒಳಗೆ ಕಳಿಸುತ್ತವೆ ಸರ್’ ಎಂಬ ಉತ್ತರ ಬರುತ್ತದೆ. ಕಳಿಸೋಕೆ ಮೂಳೆಯೇ ಯಾಕೆ ಬೇಕು? ಅಲ್ಲಿಗೆ ಮಾತು ನಿಂತಿತು. ಅಂಟಿಸಿಟ್ಟ ಮೂಳೆ ನೋಡಿದರೆ ಅದು ಗೊತ್ತಾಗುವುದೂ ಇಲ್ಲ.

ವಿಷಯ ಇಷ್ಟು. ಒಳಗಿವಿಯಲ್ಲಿ ತುಂಬಿರುವುದು ದ್ರವ. ಗಾಳಿಯಲ್ಲಿ ಬಂದ ಶಬ್ದ ನೇರವಾಗಿ ನೀರಿಗೆ ಬಡಿದರೆ ಅದರ ಶಕ್ತಿಯಲ್ಲಿ ಸಾವಿರಕ್ಕೆ ಸುಮಾರು ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದು ವಾಪಸ್. ಈ ನಷ್ಟ ತುಂಬಲು ಒತ್ತಡ ಹೆಚ್ಚಬೇಕು. ಸುತ್ತಿಗೆ, ಅಡಿಗಲ್ಲು, ರಿಕಾಪು ಮೂಳೆಗಳು ಇರುವುದೇ ಅದಕ್ಕೆ.

ಹಂತ 1: ಬಾಯಿ 10 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಡಬ್ಬದ ತಳ ಕತ್ತರಿಸಿ. ಬಾಯಿಗೆ ರಬ್ಬರ್ ಎಳೆದು ಕಟ್ಟಿ. ಇದು ಕಿವಿಯ ತಮಟೆ. ಬರ್ತ್‌ಡೇ ಬಲೂನು ಬೇಡ, ಎರಡೇ ದಿನಕ್ಕೆ ಸೀಳುತ್ತದೆ. ಮೆಡಿಕಲ್ ಶಾಪಿನ ಕೈಗವಸೇ ಸರಿ.

ಹಂತ 2: 2.5 ಸೆಂ.ಮೀ. ಅಗಲದ ಕೊಳವೆಯ ಒಂದು ತುದಿಗೂ ಅದೇ ರಬ್ಬರ್ ಕಟ್ಟಿ, ಮೇಲೊಂದು ಕೋಟಿನ ಗುಂಡಿ ಅಂಟಿಸಿ. ಗುಂಡಿಯೇ ರಿಕಾಪಿನ ಪಾದ.

ಹಂತ 3: ಎಲ್ಲರೂ ಕೆಡಿಸುವುದು ಇಲ್ಲೇ. ಡಬ್ಬ ಮತ್ತು ಕೊಳವೆಯನ್ನು ರಬ್ಬರ್ ಕಟ್ಟಿದ ಮುಖಗಳು ಎದುರುಬದುರು ಬರುವಂತೆ ಹಲಗೆಯ ಮೇಲೆ ಕೂರಿಸಿ. ನಡುವಿನ ಜಾಗದ ಮೇಲೆ, ಅಡ್ಡಲಾಗಿ, ಸೈಕಲ್ಲಿನ ಒಂದು ಕಡ್ಡಿ ಬರಬೇಕು. ಎರಡು ಕಂಬಗಳಿಗೆ ಜ್ಯೂಸ್ ಸ್ಟ್ರಾ ತುಂಡು ಅಂಟಿಸಿ, ಅದರೊಳಗೆ ಕಡ್ಡಿ ತೂರಿಸಿ. ಕಡ್ಡಿ ಸಲೀಸಾಗಿ ತಿರುಗಬೇಕು, ಗಮ್ಮು ತಾಗಿದರೆ ಕೆಲಸ ಕೆಟ್ಟಿತು.

ಆ ಕಡ್ಡಿಗೆ ಎರಡು ಐಸ್‌ಕ್ರೀಮ್ ಕಡ್ಡಿ ಬಿಗಿಯಾಗಿ ಅಂಟಿಸಿ. ಒಂದು 6.5 ಸೆಂ.ಮೀ., ಸುತ್ತಿಗೆಯ ಹಿಡಿ. ಇನ್ನೊಂದು 5 ಸೆಂ.ಮೀ., ಅಡಿಗಲ್ಲಿನ ಕಾಲು. ಎರಡೂ ಕೆಳಗೇ ನೇತಾಡಬೇಕು, ಜೋಕಾಲಿಯ ಹಾಗೆ. ಹೆಚ್ಚಿನವರು ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಇಟ್ಟುಬಿಡುತ್ತಾರೆ. ಆಗ ತಮಟೆ ಒಳಕ್ಕೆ ಹೋದರೆ ರಿಕಾಪು ಹೊರಕ್ಕೆ ಬರುತ್ತದೆ. ನಿಜವಾದ ಕಿವಿಯಲ್ಲಿ ಎರಡೂ ಒಳಕ್ಕೇ ಹೋಗುತ್ತವೆ.

ಉದ್ದ ಕಡ್ಡಿಯ ತುದಿಯನ್ನು ತಮಟೆಯ ನಡುಮಧ್ಯಕ್ಕೆ ಅಂಟಿಸಿ. ಗಿಡ್ಡ ಕಡ್ಡಿಯಿಂದ ತಂತಿಯ ತುಂಡೊಂದು ಗುಂಡಿಗೆ ಹೋಗಲಿ. ಕೊಳವೆಯ ಮಧ್ಯ ಡಬ್ಬದ ಮಧ್ಯಕ್ಕಿಂತ 1.5 ಸೆಂ.ಮೀ. ಮೇಲಿರಬೇಕು, ಇಲ್ಲದಿದ್ದರೆ ತಂತಿ ಓರೆಯಾಗುತ್ತದೆ. ರಬ್ಬರಿಗೆ ಸೈಕಲ್ ಪಂಚರ್ ಸಲ್ಯೂಷನ್ನೇ ಹಾಕಿ. ಕ್ಷಣದಲ್ಲಿ ಅಂಟುವ ಗಮ್ಮು ಬೇಡವೇ ಬೇಡ, ಅದು ಒಣಗಿ ಕಲ್ಲಾಗುತ್ತದೆ, ಅಲ್ಲೇ ರಬ್ಬರ್ ಹರಿಯುತ್ತದೆ.

ಹಂತ 4: ಕೊಳವೆಗೆ ಬಣ್ಣದ ನೀರು ತುಂಬಿ, ಹಿಂದಿನ ತುದಿಗೆ ಬಿರಡೆ ಹಾಕಿ, ಬಿರಡೆಯ ತೂತಿನಿಂದ ಪಾರದರ್ಶಕ ಸ್ಟ್ರಾ ಮೇಲಕ್ಕೆ ಬಗ್ಗಿಸಿ. ಗುಳ್ಳೆ ಉಳಿಯಬಾರದು. ಸ್ಟ್ರಾ ಯಾಕೆ, ಪೂರ್ತಿ ಮುಚ್ಚಿಬಿಟ್ಟರೆ ಆಗಲ್ವಾ? ಆಗುವುದಿಲ್ಲ. ನೀರು ಕುಗ್ಗುವುದಿಲ್ಲವಲ್ಲ, ಸರಿಯಲು ಜಾಗ ಇಲ್ಲದಿದ್ದರೆ ಗುಂಡಿ ಅಲ್ಲಾಡುವುದೇ ಇಲ್ಲ. ಒಳಗಿವಿಯಲ್ಲೂ ರಿಕಾಪು ಕೂತ ಕಿಟಕಿಯ ಜೊತೆಗೆ ಇನ್ನೊಂದು ದುಂಡನೆಯ ಕಿಟಕಿ ಇರುವುದು ಇದಕ್ಕೇ.

ಈಗ ತಮಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಸ್ಟ್ರಾದಲ್ಲಿ ನೀರು ಏರುತ್ತದೆ. ಮಾತಾಡಿದರೆ ಕಾಣುವಷ್ಟು ಕುಣಿಯುವುದಿಲ್ಲ, ಸುಮ್ನೆ ಕೂಗಬೇಡಿ.

ದೊಡ್ಡ ತಮಟೆಯ ಮೇಲೆ ಬಿದ್ದ ಬಲ ಚಿಕ್ಕ ಜಾಗಕ್ಕೆ ಹೋದಾಗ ಒತ್ತಡ ಹೆಚ್ಚುತ್ತದೆ, ಆ ಲೆಕ್ಕವನ್ನು ಚೀಟಿಯಲ್ಲಿ ಬರೆದಿಡಿ. ನಮ್ಮ ಮಾಡೆಲಿನಲ್ಲಿ ಡಬ್ಬದ ಅಗಲ ಕೊಳವೆಯ 4 ಪಟ್ಟು, ಅಂದರೆ ಬಾಯಿಯ ವಿಸ್ತೀರ್ಣ 16 ಪಟ್ಟು. ಕಡ್ಡಿಗಳಿಂದ 1.3 ಪಟ್ಟು. ಗುಣಿಸಿದರೆ ಹತ್ತಿರ ಹತ್ತಿರ 21. ನಮ್ಮ ಕಿವಿಯಲ್ಲಿ ವಿಸ್ತೀರ್ಣ ಸುಮಾರು 17 ಪಟ್ಟು, ಮೂಳೆಗಳಿಂದ 1.3, ಒಟ್ಟು ಸುಮಾರು 22 ಪಟ್ಟು ಒತ್ತಡ. ಇದೆಲ್ಲ ನಡೆಯುವುದು 3 ಮಿ.ಮೀ. ಎತ್ತರದ ರಿಕಾಪಿನ ಮೂಲಕ. ದೇಹದಲ್ಲೇ ಚಿಕ್ಕ ಮೂಳೆ ಅದು.

ತೀರ್ಪುಗಾರರು ಬಂದಾಗ ಗುಂಡಿಯ ಅಂಚಿಗೆ ಜೇಡಿಮಣ್ಣು ಮೆತ್ತಿ ತೋರಿಸಿ. ತಮಟೆ ಎಷ್ಟು ಒತ್ತಿದರೂ ನೀರು ಏರುವುದಿಲ್ಲ. ರಿಕಾಪಿನ ಸುತ್ತ ಮೂಳೆ ಬೆಳೆದು ಅದು ಬಿಗಿಯುವ ಕಾಯಿಲೆಯಲ್ಲಿ ಕಿವಿ ಮಂದವಾಗುವುದು ಹೀಗೇ. ಅಮೆರಿಕದ ಡಾಕ್ಟರ್ ಜಾನ್ ಶಿಯಾ 1956ರಲ್ಲಿ ಅಂಥ ರಿಕಾಪನ್ನು ತೆಗೆದು, ಟೆಫ್ಲಾನಿನ ಕೃತಕ ರಿಕಾಪು ಕೂರಿಸಿದರು.

ನೀರನ್ನು ಮನೆಯಲ್ಲೇ ತುಂಬಿಕೊಂಡು ಹೋಗಬೇಡಿ, ಬಸ್ಸಿನ ಕುಲುಕಾಟಕ್ಕೆ ಬಿರಡೆ ಕಳಚುತ್ತದೆ. ಇನ್ನೊಂದು ಕೈಗವಸು ಜೇಬಿನಲ್ಲಿರಲಿ.