ಸ್ಟಾರ್ ಅಂದರೆ ಯಾವ ಸ್ಟಾರ್?

ಬೈಕಿನ ಬ್ರೇಕ್ ಆಯಿಲ್ ನಾನೇ ಬದಲಾಯಿಸೋಣ ಅಂತ ಒಂದು ಭಾನುವಾರ ಕೂತೆ. ಹ್ಯಾಂಡಲ್ ಮೇಲಿರುವ ಮಾಸ್ಟರ್ ಸಿಲಿಂಡರ್, ಅಂದರೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳಕ್ಕೆ ಇರುವುದು ಎರಡೇ ಸ್ಕ್ರೂ. ಮನೆಯಲ್ಲಿದ್ದ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದೆ. ಒಂದು ಬಂತು. ಇನ್ನೊಂದು ಕರಕ್ ಅಂತ ಜಾರಿತು. ಜೋರಾಗಿ ಒತ್ತಿ ತಿರುಗಿಸಿದೆ, ಮತ್ತೆ ಜಾರಿತು. ಬಗ್ಗಿ ನೋಡಿದರೆ ಪ್ಲಸ್ ಆಕಾರದ ಗುಳಿ ಸವೆದು ಗುಂಡಗಾಗಿತ್ತು. ಅಂಚಿನಲ್ಲಿ ಹೊಳೆಯುವ ಲೋಹದ ಪುಡಿ.

ಬೀದಿ ಕೊನೆಯ ಮೆಕ್ಯಾನಿಕ್ ಹತ್ತಿರ ಹೋದೆ. ‘ಯಾವ ಸ್ಟಾರ್ ಹಾಕಿದ್ರಿ ಸಾರ್?’ ಅಂದರು. ಸ್ಟಾರ್‌ನಲ್ಲಿ ಬೇರೆ ಬೇರೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅವರು ಸವೆಯದ ಸ್ಕ್ರೂ ತೋರಿಸಿದರು. ಪ್ಲಸ್ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆ. ಅದು ಜಪಾನ್ ಅಳತೆಯ ಸ್ಕ್ರೂ, ಜೆಐಎಸ್ ಅನ್ನುತ್ತಾರೆ. ನನ್ನ ಕೈಯಲ್ಲಿದ್ದದ್ದು ಫಿಲಿಪ್ಸ್, ಪ್ಲಸ್‌ನಲ್ಲೇ ಇನ್ನೊಂದು ಬಗೆ. ಅದರ ತುದಿ ಸ್ವಲ್ಪ ಉದ್ದ. ಜಪಾನ್ ಸ್ಕ್ರೂನಲ್ಲಿ ತಳಕ್ಕೆ ತಾಗಿ ನಿಂತುಬಿಡುತ್ತದೆ, ಪಕ್ಕಗಳು ಪೂರ್ತಿ ಹಿಡಿಯುವುದಿಲ್ಲ. ಮೇಲಾಗಿ ಫಿಲಿಪ್ಸ್ ತುದಿಯೇ ಇಳಿಜಾರು. ಬಲ ಜಾಸ್ತಿಯಾದರೆ ಡ್ರೈವರ್ ಮೇಲಕ್ಕೆ ಎದ್ದು ಬರುತ್ತದೆ. 1930ರ ದಶಕದಲ್ಲಿ ಅಮೆರಿಕದ ಕಾರ್ ಕಾರ್ಖಾನೆಗಳು ಫಿಲಿಪ್ಸ್ ಹಿಡಿದದ್ದು ಬೇರೆ ಕಾರಣಕ್ಕೆ: ಮೆಷಿನ್ ಡ್ರೈವರ್ ಇಟ್ಟ ಕೂಡಲೇ ತುದಿ ತಾನಾಗೇ ನಡುವಿಗೆ ಕೂರುತ್ತದೆ.

ಹಾಳಾದ ಸ್ಕ್ರೂವನ್ನು ಅವರು ತೆಗೆದ ರೀತಿ ಇನ್ನೂ ಕಣ್ಣಲ್ಲಿದೆ. ಮೊದಲು ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಹಾಸಿದರು, ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಕಿತ್ತುಬರುತ್ತದೆ. ಆಮೇಲೆ ಸಣ್ಣ ಪಂಚನ್ನು (ಉಳಿಯಂಥ ಉಕ್ಕಿನ ಕಡ್ಡಿ) ಸ್ಕ್ರೂ ತಲೆಯ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಿಂದ ಟಕ್ ಟಕ್ ಅಂತ ಮೆಲ್ಲಗೆ ತಟ್ಟಿದರು. ಏಳೆಂಟು ಏಟಿಗೆ ಸ್ಕ್ರೂ ಅಲುಗಿತು.

ಅವತ್ತಿನಿಂದ ಮನೆಯ ಪ್ರತಿ ಸ್ಕ್ರೂ ತಲೆಯನ್ನೂ ನೋಡತೊಡಗಿದೆ. ಅಡುಗೆಮನೆಯ ಕಪಾಟಿನ ಬಾಗಿಲು ವಾಲಿತ್ತು. ಹಿಂಜ್‌ನ ಸ್ಕ್ರೂನಲ್ಲಿ ಪ್ಲಸ್ ನಡುವೆ ಓರೆಯಾಗಿ ನಾಲ್ಕು ಸಣ್ಣ ಗೆರೆ. ಅದು ಪೋಜಿಡ್ರೈವ್. ಅದಕ್ಕೆ ಪಿಜೆಡ್2 ಅನ್ನುವ ಬಿಟ್ (ಡ್ರೈವರ್ ತುದಿ) ಬೇಕು, ಫಿಲಿಪ್ಸ್‌ನ ಪಿಎಚ್2 ಅಲ್ಲ. ನೋಡಲು ಎರಡೂ ಒಂದೇ ಥರ. ಆದರೆ ಸರಿಯಾದದ್ದು ಇಟ್ಟಾಗ ಅಲುಗಾಡದೆ ಕಚ್ಚಿಕೊಳ್ಳುತ್ತದೆ, ಕೈಗೇ ಗೊತ್ತಾಗುತ್ತದೆ. ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್‌ಗಳಲ್ಲಿ ವೈರ್ ಕೂರುವ ಟರ್ಮಿನಲ್‌ಗಳಲ್ಲೂ ಇದೇ ಥರದ್ದು ಬರುತ್ತದೆ. ವೈರ್ ಸಡಿಲವಾಗಿ ಕೂತರೆ ಬಿಸಿಯಾಗಿ ಸುಡುತ್ತದೆ, ಹಾಗಾಗಿ ಅಲ್ಲಿ ಅಂದಾಜಿನ ಬಿಟ್ ಹಾಕಲೇಬೇಡಿ. ಮೇನ್ ಆಫ್ ಮಾಡದೆ ಮುಟ್ಟಲೂಬೇಡಿ.

ಮಗನ ಸೈಕಲ್ ಡಿಸ್ಕ್ ಬಿಚ್ಚಲು ಆರು ಮೂಲೆಯ ಟಾರ್ಕ್ಸ್ ಬೇಕಾಯಿತು, ಟಿ25. ಇದನ್ನೂ ಅಂಗಡಿಯಲ್ಲಿ ಸ್ಟಾರ್ ಅನ್ನುತ್ತಾರೆ! ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ‘ಸ್ಟಾರ್ ಕೊಡಿ’ ಅಂದಾಗ ಮೊದಲು ಕೈಗೆ ಬಂದದ್ದು ಪ್ಲಸ್. ನಂಬರ್ ಹೇಳಿದ ಮೇಲೆ ಸರಿಯಾದದ್ದು ಸಿಕ್ಕಿತು. ಹಳೇ ಸ್ಕ್ರೂ ಜೇಬಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ಕೂರಿಸಿ ನೋಡಿ. ಸ್ಕ್ರೂವನ್ನು ತುದಿಗೆ ಸಿಕ್ಕಿಸಿ ಡ್ರೈವರ್ ಅಡ್ಡ ಹಿಡಿಯುತ್ತೇನೆ ನಾನು. ಲೊಡಲೊಡ ಅಂದರೆ ಸೈಜ್ ತಪ್ಪು. ಆರು ಮೂಲೆ ಗುಳಿಯ ಬೋಲ್ಟಿಗೆ ಹಾಕುವ ಎಲನ್ ಕೀ ವಿಷಯದಲ್ಲಿ ಇನ್ನೂ ಹುಷಾರು: 5 ಎಂಎಂ ಬೋಲ್ಟಿಗೆ 3/16 ಇಂಚಿನದ್ದೂ ಒಳಗೆ ಹೋಗುತ್ತದೆ. ಆದರೆ ಅದು 4.76 ಎಂಎಂ. ಅಷ್ಟು ಚೂರು ಸಂದಿಯೇ ಮೂಲೆ ತಿಂದುಹಾಕಲು ಸಾಕು. ಮೈನಸ್ ಸ್ಕ್ರೂಗೆ ಡ್ರೈವರ್ ತುದಿ ಸೀಳಿನ ಅಗಲ ಪೂರ್ತಿ ತುಂಬಬೇಕು, ಅಷ್ಟೇ.

ಬೈಕಿಗೆ ಹೊಸ ಸ್ಕ್ರೂ ಹಾಕಿದೆ. ಥ್ರೆಡ್‌ಗೆ ಒಂದು ಚೂರು ಸಿಲಿಕೋನ್ ಗ್ರೀಸ್ ಸವರಿದೆ. ಮಾಮೂಲಿ ಗ್ರೀಸ್ ಬೇಡ, ಬ್ರೇಕಿನ ರಬ್ಬರ್ ಉಬ್ಬುತ್ತದೆ. ಜೆಐಎಸ್ ತುದಿಯ ಡ್ರೈವರ್ ಒಂದನ್ನು ತಂದಿಟ್ಟುಕೊಂಡೆ. ಹೋದ ತಿಂಗಳು ಮತ್ತೆ ಆಯಿಲ್ ಬದಲಾಯಿಸುವಾಗ ಅದನ್ನೇ ನೇರ ಇಟ್ಟು, ಹಿಂದಿನಿಂದ ಅಂಗೈಯಲ್ಲಿ ಒತ್ತಿ ತಿರುಗಿಸಿದೆ. ಎರಡೂ ಸ್ಕ್ರೂ ಜಾರದೆ ಬಂದವು, ಗುಳಿಯ ಅಂಚು ಹೊಸದರ ಹಾಗೇ ಇತ್ತು.