ಅಟ್ಟದಲ್ಲಿಟ್ಟ ಹಳೆ ತೋಟೆ: ಕೋವಿಗೆ ಹಾಕುವ ಮೊದಲು

ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಅಡಿಕೆ ತೋಟ. ಹಂದಿ ಕಾಟ ಜಾಸ್ತಿಯಾದಾಗ ಪಂಚಾಯತಿನ ಅನುಮತಿ ಪಡೆದು ರಾತ್ರಿ ಕಾವಲು ಕೂತಿದ್ದೆ. ಕೈಯಲ್ಲಿ ಲೈಸೆನ್ಸಿನ ಒಂಟಿ ನಳಿಗೆಯ 12 ಬೋರ್ ಕೋವಿ. ತೋಟೆಗಳು ಮಾತ್ರ ಹಳೆಯವು. ನಾನೇ ಕೊಂಡು ಅಡುಗೆಮನೆಯ ಮೇಲಿನ ಅಟ್ಟದಲ್ಲಿಟ್ಟವು, ಹನ್ನೆರಡು ಮಳೆಗಾಲ ಕಂಡವು.

ಟ್ರಿಗರ್ ಒತ್ತಿದೆ. ಢಂ ಅನ್ನಲಿಲ್ಲ, ಟುಸ್ ಅಂದಿತು. ಹಂದಿ ಓಡಿತು. ಅವಸರದಲ್ಲಿ ಇನ್ನೊಂದು ತೋಟೆ ತುಂಬಲು ಹೋದೆ. ಭಾವ ಕೈ ಹಿಡಿದು, "ತಡಿ ಮಾರಾಯ, ನಳಿಗೆ ನೋಡು" ಅಂದರು. ಕೋವಿ ಮಡಚಿ, ಖಾಲಿ ಮಾಡಿ, ಟಾರ್ಚ್ ಬಿಟ್ಟು ನೋಡಿದರೆ ಆಚೆ ಬದಿ ಬೆಳಕೇ ಕಾಣಲಿಲ್ಲ. ತೋಟೆಯೊಳಗೆ ಮದ್ದಿಗೂ (ಹೊತ್ತಿಕೊಳ್ಳುವ ಪುಡಿ) ಚರೆಗೂ (ಸಣ್ಣ ಗುಂಡುಗಳು) ನಡುವೆ ಇರುವ ಬಿಲ್ಲೆ ನಳಿಗೆಯ ಮಧ್ಯೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಈಡು ಹಾರಿದ್ದರೆ ನಳಿಗೆ ಒಡೆಯುತ್ತಿತ್ತು. ನಳಿಗೆಯ ಕೆಳಗೆ ಇದ್ದದ್ದು ನನ್ನ ಎಡಗೈ.

ಆದ್ದರಿಂದ ಮೊದಲು ಇದನ್ನೇ ಹೇಳುತ್ತೇನೆ. ಸದ್ದು ಸಣ್ಣದಾದರೆ, ಹೆಗಲಿಗೆ ಬೀಳುವ ಒದೆತ ಕಡಿಮೆಯಾದರೆ, ಅಲ್ಲಿಗೇ ನಿಲ್ಲಿಸಿ. ಸದ್ದೇ ಬಾರದಿದ್ದರೆ ಕೂಡಲೇ ಕೋವಿ ಬಿಚ್ಚಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದು ಕಡಿಮೆಯೆಂದರೂ 30 ಸೆಕೆಂಡ್ ಕಾಯಿರಿ. ನಾನು ಅರವತ್ತು ಎಣಿಸುತ್ತೇನೆ. ಆಮೇಲೆ ಮುಖ ಪಕ್ಕಕ್ಕೆ ಮಾಡಿ ಬಿಚ್ಚಿ.

ಹಾಗಾದರೆ ಹಳೆ ತೋಟೆಯೆಲ್ಲ ಕೆಟ್ಟದ್ದೇ? ಅಲ್ಲ. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟದ್ದು ದಶಕಗಳ ನಂತರವೂ ಸರಿಯಾಗಿ ಹಾರುತ್ತದೆ. ಎಷ್ಟು ವರ್ಷವಾಯಿತು ಅನ್ನುವುದಕ್ಕಿಂತ ಎಲ್ಲಿತ್ತು ಅಂತ ಕೇಳಿ. ಈಗಿನ ಹೊಗೆಯಿಲ್ಲದ ಮದ್ದು ತನ್ನಷ್ಟಕ್ಕೆ ನಿಧಾನವಾಗಿ ಹಾಳಾಗುವ ವಸ್ತು. ಅದನ್ನು ತಡೆಯಲು ಒಂದು ರಾಸಾಯನಿಕ ಬೆರೆಸಿರುತ್ತಾರೆ. ಬಿಸಿ ಹೆಚ್ಚಾದಷ್ಟೂ ಅದು ಬೇಗ ಮುಗಿಯುತ್ತದೆ. ನಮ್ಮ ಅಟ್ಟದಲ್ಲಿ ಒಲೆಯ ಬಿಸಿಯೂ ಇದೆ, ವರ್ಷಕ್ಕೆ ಸುಮಾರು 3500 ಮಿ.ಮೀ. ಸುರಿಯುವ ಮಳೆಯ ತೇವವೂ ಇದೆ. ತೋಟೆಗೆ ಇದಕ್ಕಿಂತ ಕೆಟ್ಟ ಜಾಗ ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ.

ಹಗಲು ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ಒಂದೊಂದೇ ಇಟ್ಟು ನೋಡಿ. ತೋಟೆಯ ಬುಡದ ಹಿತ್ತಾಳೆ ಬರೇ ಮಂಕಾಗಿದ್ದರೆ ಚಿಂತೆಯಿಲ್ಲ. ಹಸಿರು ಕಿಲುಬು ಹಿಡಿದು ಗುಳಿ ಬಿದ್ದಿದ್ದರೆ ಬೇಡ. ತಳದ ನಡುವೆ ಮದ್ದಿಗೆ ಕಿಡಿ ಕೊಡುವ ಕೇಪಿನ ಸುತ್ತ ಕಿಲುಬಿದ್ದರೂ ಬೇಡ. ಕಾಗದದ ತೋಟೆ ತೇವಕ್ಕೆ ಉಬ್ಬುತ್ತದೆ, ಉಬ್ಬಿದ್ದನ್ನು ಒತ್ತಿ ತುರುಕಬೇಡಿ. ಬಾಯಿ ಬಿಚ್ಚಿ ಚರೆ ಉದುರುತ್ತಿದ್ದರೆ, ಹುಳಿ ಘಾಟು ವಾಸನೆ ಬಂದರೆ ಅಲ್ಲೇ ಬದಿಗಿಡಿ. ನಳಿಗೆಯ ಅಗಲ ಹೇಳುವ ಬೋರ್ ನಂಬರನ್ನೂ ಓದಿ. ನಂಬರು ದೊಡ್ಡದಾದಷ್ಟೂ ತೋಟೆ ಸಪೂರ. ಹಳೆ ಡಬ್ಬಿಯಲ್ಲಿ 20 ಬೋರ್ ತೋಟೆ ಬೆರೆತಿದ್ದರೆ ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿಯಿದೆ ಅಂದುಕೊಂಡು ಹಿಂದಿನಿಂದ 12 ಹಾಕಿದರೆ ಅನಾಹುತವೇ. ಆದರೆ ಒಂದು ಮಾತು: ಹೊರಗೆ ಚಂದ ಕಂಡದ್ದೆಲ್ಲ ಒಳಗೂ ಸರಿಯಿರಬೇಕೆಂದಿಲ್ಲ. ನನ್ನ ಆ ತೋಟೆ ನೋಡಲು ಚೆನ್ನಾಗಿಯೇ ಇತ್ತು.

ಅಂಗಳದಲ್ಲಿ ಅಡಿಕೆಯ ಜೊತೆ ತೋಟೆಯನ್ನೂ ಬಿಸಿಲಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಕೆಟ್ಟ ಮದ್ದು ಒಣಗಿಸಿದರೆ ಸರಿಯಾಗುವುದಿಲ್ಲ. ಎಣ್ಣೆ ಸವರುವುದೂ ಬೇಡ, ಅದು ಕೇಪಿನೊಳಗೆ ಇಳಿದು ಹಾಳು ಮಾಡುತ್ತದೆ. ತೋಟೆಯನ್ನೇ ಬಿಚ್ಚಿ ನೋಡುವ ಸಾಹಸವಂತೂ ಬೇಡವೇ ಬೇಡ.

ಈಗ ನನ್ನ ತೋಟೆಗಳು ಒಳಕೋಣೆಯ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಹೊರಗೆ ಬೀಗ. ಕೊಂಡ ತಾರೀಕನ್ನು ಡಬ್ಬಿಯ ಮೇಲೆ ಬರೆದು, ಹಳೆಯದನ್ನೇ ಮೊದಲು ಮುಗಿಸುತ್ತೇನೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಡುವುದನ್ನು ಬಿಟ್ಟೆ. ಚರ್ಮ ತಾಗಿದ ಹಿತ್ತಾಳೆಗೆ ಬೇಗ ಕಿಲುಬು ಬರುತ್ತದೆ.

ಬೇಡದ ತೋಟೆಯನ್ನು ಬಾವಿಗೆ ಹಾಕಬೇಡಿ, ಹೂಳಬೇಡಿ, ಬೆಂಕಿಗಂತೂ ಹಾಕಲೇಬೇಡಿ. ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಕೊಟ್ಟು ರಶೀದಿ ಪಡೆಯಿರಿ. ತೀರಿಕೊಂಡವರ ತೋಟೆ ಸಿಕ್ಕಿದರೂ ಹಾಗೆಯೇ, 1959ರ ಆಯುಧ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಾನು ಮೊದಲು ಫೋನ್ ಮಾಡಿ ಕೇಳಿ, ಉಳಿದ ಒಂಬತ್ತನ್ನೂ ಠಾಣೆಗೆ ಕೊಟ್ಟು ಬಂದೆ. ಅದರಲ್ಲಿ ಆರು ಹೊಸದರಂತೆ ಹೊಳೆಯುತ್ತಿದ್ದವು.